ಬಚ್ಚಲ ಗೋಡೆಯಾಚೆ ಕೆಂಚಿ

ಕೊಬ್ಬರಿಯ ವಾಸನೆ ನನಗೆ ಆಗುವುದಿಲ್ಲ. ತೆಂಗಿನ ಸೀಮೆಯ ಗಂಡಸಿ ಊರಲ್ಲಿ ಹುಟ್ಟಿದವಳು ಹೀಗಂದರೆ ಕೇಳಿದವರು ನಗುತ್ತಾರೆ. ಅಟ್ಟದ ತುಂಬ ಕಾಯಿ ಪೇರಿಸಿ ಅದರ ಕೆಳಗೇ ಮಲಗಿ ದೊಡ್ಡವರಾದವರು ನಾವು. ಮೊನ್ನೆ ಹಳೇಬೀಡಿನ ನಮ್ಮ ಮನೆಯಲ್ಲಿ ಎದುರುಮನೆ ಬಾಣಂತಿಗೆಂದು ಅಂಟಿನುಂಡೆ ಮಾಡಲು ಕೂತಿದ್ದೆ. ತವರಿನಿಂದ ಬಂದ ಚೀಲಕ್ಕೆ ಕೈ ಹಾಕಿದರೆ ಒಡೆಯದ ಉಂಡೆ ಕೊಬ್ಬರಿಯೊಂದು ಸಿಕ್ಕಿತು. ದುಂಡಗೆ, ಕಂದು ಬಣ್ಣಕ್ಕೆ, ಅಂಗೈ ತುಂಬುವಷ್ಟು. ಒಡೆಯಲು ಮನಸ್ಸಾಗಲಿಲ್ಲ... ಕೆಂಚಿ ನೆನಪಾದಳು. ಅವಳ ಹಿಂದೆಯೇ ಪಕ್ಕದ ಮನೆ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ರಕ್ತಸಂಬಂಧವಲ್ಲ. ನಮ್ಮ ತವರುಮನೆಯ ಬಚ್ಚಲ ಹಿಂದಿನ ಗೋಡೆಯೇ ಅವರ ಹಿತ್ತಿಲಿನ ಗೋಡೆ, ಅಷ್ಟೇ ನಂಟು. ಅವರ ಗಂಟಲು ದೊಡ್ಡದು. ಹಸು, ಕೋಳಿ, ಉಕ್ಕುವ ಹಾಲು, ಉರಿಯದ ಸೌದೆ, ಎಲ್ಲದರ ಜೊತೆಗೂ ಮಾತು. ಕೆಂಚಿ ಅವರು ಸಾಕಿದ್ದ ಕೆಂದು ಬಣ್ಣದ ನಾಟಿ ನಾಯಿ.

ಆ ವರ್ಷ ನಾನು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಅರಸೀಕೆರೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ಉಸಿರಾಡಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆ. ಬಂದ ಮೇಲೆ ಎದೆಯಲ್ಲಿ ಹಾಲು ಇಳಿಯಿತು.

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮಗು ಹೋದ ದುಃಖವನ್ನು ಅತ್ತು ಹೇಳಬಹುದಿತ್ತು, ಈ ಹಾಲನ್ನು ಯಾರಿಗೆ ಹೇಳುವುದು? ನನ್ನ ಮೈಯೇ ನನ್ನನ್ನು ಆಡಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಅವ್ವ ನನ್ನ ಒದ್ದೆ ರವಿಕೆಗಳನ್ನು ಅಂಗಳದ ತಂತಿಗೆ ಹಾಕದೆ ಒಳಮನೆಯಲ್ಲಿ ಒಣಗಿಸುತ್ತಿದ್ದಳು. ಹಸು ಕಟ್ಟಿದ ಮನೆಯವಳು, ಅವಳಿಗೆ ಗೊತ್ತಿದ್ದ ಮದ್ದು ಒಂದೇ. "ಕೆಚ್ಚಲು ಕಟ್ಟಿದ್ರೆ ಬಾವು ಬರ್ತದೆ. ಪೂರ್ತಿ ಹಿಂಡಿ ಚೆಲ್ಬುಡು. ಯಾರ್ಗೂ ಹೇಳ್ಬ್ಯಾಡ" ಅಂದಳು. ದಿನಾ ಬೆಳಗ್ಗೆ ಅವಳು ಡೈರಿಗೆ ಹೊರಟ ಮೇಲೆ ನಾನು ಬಚ್ಚಲ ಅಗುಳಿ ಹಾಕಿಕೊಂಡು ಹಿಂಡುತ್ತಿದ್ದೆ. ತುಳಿದಾಡುವ ಕಡೆ ಚೆಲ್ಲಬಾರದೆಂದು ಚೆಂಬಿಗೆ ಹಿಡಿದು ತೆಂಗಿನ ಬುಡಕ್ಕೆ ಸುರಿದು ಬರುತ್ತಿದ್ದೆ. ಮಾರನೆಯ ದಿನಕ್ಕೆ ಇನ್ನೂ ಹೆಚ್ಚು ಊರಿರುತ್ತಿತ್ತು.

ಅದೇ ಹೊತ್ತಿಗೆ ಗೋಡೆಯಾಚೆ ಕೆಂಚಿಯ ಕಥೆ ನಡೆಯುತ್ತಿತ್ತು. ಎರಡು ತಿಂಗಳ ಹಿಂದೆ ಅವಳು ಬೆದೆಗೆ ಬಂದಾಗ ಗಂಡುನಾಯಿಗಳ ಕಾಟಕ್ಕೆ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದರಂತೆ. ಆದರೂ ಹೊಟ್ಟೆ ದುಂಡಗಾಯಿತು, ಮೊಲೆತೊಟ್ಟು ಉಬ್ಬಿದವು, ಅನ್ನ ಸೇರಲಿಲ್ಲ, ಮೂಲೆಮೂಲೆ ಕೆರೆದು ಜಾಗ ಮಾಡತೊಡಗಿದಳು. "ಕಳ್ಳಿ, ಯಾವಾಗ ತಪ್ಪಿಸ್ಕೊಂಡಿದ್ಲೋ" ಎಂದು ದೊಡ್ಡಮ್ಮ ಖುಷಿಯಿಂದ ಹಾಲುಬೆಲ್ಲ ತಿನ್ನಿಸಿದರು, ಬೀದಿಯವರಿಗೆಲ್ಲ ಮರಿ ಕೊಡುವ ಮಾತು ಕೊಟ್ಟರು. ಮರಿ ಬರಲಿಲ್ಲ. ಹಾಲು ಮಾತ್ರ ಬಂತು.

ಆಮೇಲೆ ಕೆಂಚಿ ಸುಲಿದ ಉಂಡೆ ಕೊಬ್ಬರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿ ಗೋಣಿತಾಟಿನ ಮೇಲಿಟ್ಟು, ಸುತ್ತ ಮೈ ಸುರುಳಿ ಮಾಡಿಕೊಂಡು ಮಲಗಿದಳು. ಹಲ್ಲಿನ ಗುರುತೂ ಬೀಳದ ಹಾಗೆ ತರುತ್ತಿದ್ದಳಂತೆ. ಹತ್ತಿರ ಹೋದರೆ ಗುರ್ ಅನ್ನುತ್ತಿದ್ದಳು. "ಕೆಂಚಿ ಕೊಬ್ಬರಿ ಹೆತ್ತವ್ಳೆ" ಎಂದು ಊರೆಲ್ಲ ನಕ್ಕಿತು. ಅವ್ವ ಬಂದು ಹೇಳಿದಾಗ ನಾನೂ ನಕ್ಕೆ. ನಗುತ್ತಿದ್ದ ಹಾಗೇ ಎದೆ ಒದ್ದೆಯಾಯಿತು, ಸೆರಗು ಎಳೆದುಕೊಂಡೆ.

ಹಾಲು ಕಟ್ಟಿದ್ದು ನೋಡಿ ದೊಡ್ಡಮ್ಮನೂ ನಮ್ಮವ್ವನ ಮದ್ದನ್ನೇ ಮಾಡಿದರು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಿ, ನಾಯಿಯನ್ನು ಹಸುವಿನ ಹಾಗೆ ಕರೆದರು! ಕೆಚ್ಚಲು ಕಂಡರೆ ನಮ್ಮೂರಿನ ಕೈ ಸುಮ್ಮನಿರುವುದಿಲ್ಲ. ಕರೆದಷ್ಟೂ ಹಾಲು ಹೆಚ್ಚಿತು. ಕೊನೆಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯೊಳಗೆ ಮರಿಯಿಲ್ಲವೆಂದು ಖಾತ್ರಿ ಮಾಡಿಕೊಂಡ ಡಾಕ್ಟರು ಇದು ಸುಳ್ಳು ಬಸಿರು ಅಂದು, ಹಾಲು ಕರೆದದ್ದಕ್ಕೆ ಚೆನ್ನಾಗಿ ಬೈದರಂತೆ. ಅದನ್ನು ದೊಡ್ಡಮ್ಮ ನಮ್ಮ ಜಗಲಿಯಲ್ಲಿ ಕೂತು ಅವ್ವನಿಗೆ ಹೇಳಿದರು. ನಾನು ಒಳಗಿದ್ದೆ, ಈಚೆ ಬರಲಿಲ್ಲ. ಆ ದಿನಗಳಲ್ಲಿ ಯಾರು ಬಂದರೂ ಮುಖ ತೋರಿಸುತ್ತಿರಲಿಲ್ಲ.

ಅದರ ಮಾರನೆಯ ಬೆಳಗ್ಗೆ ನಾನು ಬಚ್ಚಲ ಅಗುಳಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗೋಡೆಯಾಚೆ ದೊಡ್ಡಮ್ಮನ ದನಿ ಕೇಳಿಸಿತು. "ಹಿಂಡ್ಬಾರ್ದಂತೆ ಕಣವ್ವ. ಹಿಂಡ್ದಷ್ಟೂ ಮೈ, ಯಾರೋ ಕುಡೀತಾವ್ರೆ ಅನ್ಕಂಡು ಇನ್ನೂ ಹಾಲು ತತ್ತದಂತೆ. ತೀರಾ ನೋವಾದ್ರೆ ಒಂಚೂರು ತೆಗ್ದು ಬುಟ್ಬುಡು. ತಣ್ಣೀರ್ ಬಟ್ಟೆ ಇಟ್ಕೊ. ತಾನೇ ಬತ್ತೋಯ್ತದೆ." ಕೆಂಚಿಗೆ ಎಷ್ಟು ಮುದ್ದು ಮಾಡುತ್ತಾರಪ್ಪ ಅಂದುಕೊಂಡೆ. ಕೈ ಮಾತ್ರ ಅಲ್ಲೇ ನಿಂತಿತು. ಚೆಂಬನ್ನು ಕೆಳಗಿಟ್ಟೆ.

ಅವತ್ತಿನಿಂದ ದಿನಾ ಆ ಮಾತು ಕೇಳುತ್ತಿತ್ತು. ಕೆಂಚಿ ನೆಕ್ಕಿಕೊಳ್ಳದ ಹಾಗೆ ದೊಡ್ಡಪ್ಪನ ಹಳೇ ಬನೀನು ತೊಡಿಸಿದ್ದು, ಹಾಲುಬೆಲ್ಲ ನಿಲ್ಲಿಸಿದ್ದು, ಅವಳು ಇಲ್ಲದಾಗ ನೋಡಿ ಕೊಬ್ಬರಿಗಳನ್ನು ಒಂದೊಂದೇ ಎತ್ತಿಟ್ಟದ್ದು, ಒಟ್ಟಿಗೇ ಕಿತ್ತುಕೊಂಡರೆ ಜೀವ ನೊಂದುಕೊಳ್ಳುತ್ತದೆ ಅಂದದ್ದು... ಒಂದು ದಿನ, "ಡಾಕ್ಟ್ರು ಸುಳ್ಳು ಅಂದ್ರು. ಸುಳ್ಳು ಯಾಕಾಯ್ತದೆ? ನಿನ್ ಮೈ ಕಾಯ್ತಾ ಐತೆ ಅಷ್ಟೇಯ. ನಾಚ್ಕೆ ಯಾತಕವ್ವ ಇದ್ಕೆ?" ಅಂದರು. ನಾನು ನೀರಿನ ಹಂಡೆಗೆ ತಲೆಯಾನಿಸಿ ಸದ್ದಾಗದ ಹಾಗೆ ಅತ್ತೆ. ಒಂದು ನಾಯಿಗೆ ಸಿಗುವ ಸಮಾಧಾನವನ್ನು ಕದ್ದು ಕೇಳುವ ಗತಿ ಬಂತಲ್ಲ ಎಂದು ಅದಕ್ಕೂ ನಾಚಿಕೆಯಾಯಿತು.

ಹಾಲು ನಿಧಾನವಾಗಿ ಕಡಿಮೆಯಾಯಿತು. ಆದರೆ ಎಡಗಡೆ ಒಂದು ಗಂಟು ಉಳಿದು, ಕೆಂಪಾಗಿ, ಮುಟ್ಟಿದರೆ ಸುಡುತ್ತಿತ್ತು. ಚಳಿಜ್ವರ ಬಂತು. ಅವ್ವನಿಗೂ ಹೇಳದೆ ಕಂಬಳಿ ಹೊದ್ದೆ. ಬೆಳಗ್ಗೆ ಬಚ್ಚಲಲ್ಲಿ ನರಳಿದ್ದಿರಬೇಕು, ಗೋಡೆಯಾಚೆಯ ದನಿ ಎಂದಿಗಿಂತ ಗಟ್ಟಿಯಾಯಿತು. "ಕೆಂಪಾಗಿ ಬಿಸಿಯಾದ್ರೆ ಮನೇಲಿ ಇಟ್ಕೊಬಾರ್ದಂತೆ. ಕೀವಾಗ್ತದಂತೆ. ಇವತ್ತೇ ಹೋಗ್ಬೇಕು ಆಸ್ಪತ್ರೆಗೆ. ಕೇಳಿಸ್ತಾ?" ಅವತ್ತು ಅವ್ವನ ಮುಂದೆ ಬಾಯಿಬಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಗೆ ಹೋದೆವು. ಇನ್ನೂ ತಡ ಮಾಡಿದ್ದರೆ ಕೊಯ್ಯಬೇಕಾಗುತ್ತಿತ್ತು ಎಂದು ಡಾಕ್ಟರಮ್ಮ ಗದರಿ ಮಾತ್ರೆ ಕೊಟ್ಟರು.

ಎರಡು ವರ್ಷ ಕಳೆದು ಮಗಳು ಹುಟ್ಟಿದಾಗ ದೊಡ್ಡಮ್ಮ ಅಂಟಿನುಂಡೆಯ ಡಬ್ಬಿ ಹಿಡಿದು ನೋಡಲು ಬಂದಿದ್ದರು. ಮಂಚದ ತುದಿಯಲ್ಲಿ ಕೂತು, "ಚೆನ್ನಾಗ್ ಕುಡೀತೈತಾ?" ಅಂದರು. ತಲೆಯಾಡಿಸಿದೆ. ಇನ್ನೇನೋ ಕೇಳುವವರಂತೆ ನನ್ನ ಮುಖ ನೋಡಿದರು. ನಾನು ಮಗುವಿನ ಟೋಪಿ ಸರಿಮಾಡುತ್ತಾ ಕೂತೆ. ಬಚ್ಚಲಲ್ಲಿ ಕೇಳಿಸಿಕೊಂಡದ್ದನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು... ಹೇಳಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ತಿಥಿಗೆ ಹೋಗಿದ್ದೆ. ಊಟವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಹಿತ್ತಿಲಲ್ಲಿ ಒಬ್ಬರೇ ಕೂತಿದ್ದರು, ಕಾಲ ಬಳಿ ಕೆಂಚಿ. ಹಾಲು ಬತ್ತಿದ ಮೇಲೆ ಮತ್ತೆ ಹಾಗಾಗದಿರಲೆಂದು ಅವಳಿಗೆ ಆಪರೇಷನ್ ಮಾಡಿಸಿದ್ದರು. ಈಗ ಮೂತಿಯೆಲ್ಲ ಬೆಳ್ಳಗಾಗಿತ್ತು. ಸುಮ್ಮನೆ ಮಾತಿಗೆ ಅಂದೆ: "ಇವಳು ಕೊಬ್ಬರಿ ಮರಿ ಮಾಡ್ಕೊಂಡಿದ್ದಾಗ ದೊಡ್ಡಮ್ಮ ದಿನಾ ಬೆಳಗ್ಗೆ ಇಲ್ಲೇ ನಿಂತು ಎಷ್ಟು ಮಾತಾಡ್ತಿದ್ರು ಇವಳ್ ಜೊತೆ."

ದೊಡ್ಡಪ್ಪ ತಲೆಯೆತ್ತಿದರು. "ಬೆಳಗ್ಗೆನಾ? ಆವಾಗ ಇವ್ಳೆಲ್ಲಿದ್ಲವ್ವ ಇಲ್ಲಿ? ಗ್ಯಾನ ಬೇರೆ ಕಡೆ ಹೋಗ್ಲಿ, ಚೆನ್ನಾಗ್ ಓಡಾಡ್ಸಿ ಅಂತ ಡಾಕ್ಟ್ರು ಹೇಳಿದ್ರು. ಆಸ್ಪತ್ರೆಗೋಗಿ ಬಂದ ಮಾರ್ನೇ ದಿನದಿಂದ ಹೊತ್ತುಟ್ಟಕ್ಕೆ ಮುಂಚೆ ನಾನೇ ತ್ವಾಟಕ್ಕೆ ಕರ್ಕಂಡೋಯ್ತಿದ್ದೆ. ವಾಪಸ್ ಬತ್ತಿದ್ದು ಊಟದೊತ್ಗೆ."

ನಾನು ಗೋಡೆಯ ಕಡೆ ನೋಡಿದೆ. ಬಚ್ಚಲ ಕಿಂಡಿ ದೊಡ್ಡಮ್ಮನ ತಲೆಯ ಎತ್ತರಕ್ಕೇ ಇತ್ತು. ನಾನು ಚೆಂಬು ಹಿಡಿದು ತೆಂಗಿನ ಬುಡಕ್ಕೆ ಹೋಗುವುದನ್ನು ಯಾವಾಗಲೋ ಕಂಡಿರಬೇಕು. ನನ್ನ ಅಗುಳಿಯ ಸದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಅವರು ಅಲ್ಲಿ ನಿಲ್ಲುತ್ತಿದ್ದರು. ನಾನು ಮುಖ ತೋರಿಸಲಾರೆನೆಂದು ಇಲ್ಲದ ನಾಯಿಯನ್ನು ನಡುವೆ ತಂದಿದ್ದರು. ಅಷ್ಟು ದಿನದಲ್ಲಿ ನಾನು ಒಂದು ಸಲವೂ ಹೂಂಗುಟ್ಟಿರಲಿಲ್ಲ. ಕೇಳಿಸ್ತಾ ಅಂದಾಗಲೂ. ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

ಮೊನ್ನೆ ಆ ಉಂಡೆ ಕೊಬ್ಬರಿಯನ್ನು ಬದಿಗಿಟ್ಟು ಬೇರೆಯದನ್ನು ತುರಿದೆ. ಬೆಲ್ಲ ಪಾಕಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರಲಿಲ್ಲ. "ಹೂಂ, ದೊಡ್ಡಮ್ಮ, ಕೇಳಿಸ್ತು" ಅಂದೆ. ಅಡುಗೆಮನೆಯ ಗೋಡೆಯಾಚೆ ಖಾಲಿ ಸೈಟಿದೆ.