ಅಜ್ಜಿಯ ಬಾಯಿಗೆ ನಾನು ಕಾವಲು

ಬಾಯಾರಿದ ಮುದುಕಿಗೆ ನೀರು ಕೊಡಲಿಲ್ಲವೆಂದು ಹೆಮ್ಮೆಪಡುವವರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಕಾಣೆ. ನಾನಂತೂ ಒಬ್ಬಳು. ಆ ಮುದುಕಿ ನನ್ನ ಸ್ವಂತ ಅಜ್ಜಿ, ಅಪ್ಪನ ತಾಯಿ. ಆಗ ನನಗೆ ಹದಿನಾರು ವರ್ಷ.

ಯುದ್ಧದ ಕಾಲ. ಬೆಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದ ನಾನು ಬೇಸಿಗೆ ರಜಕ್ಕೆ ಊರಿಗೆ ಬಂದಿದ್ದೆ. ನಮ್ಮೂರು ರಾಜಘಟ್ಟದಿಂದ ಆಚೆಗೆ, ದೊಡ್ಡಬಳ್ಳಾಪುರಕ್ಕೆ ಎತ್ತಿನ ಗಾಡಿಯಲ್ಲಿ ಎರಡು ಗಂಟೆಯ ದಾರಿ. ಒಕ್ಕಲುತನದ ಮನೆ. ಅಂಥ ಮನೆಯ ಹೆಣ್ಣುಹುಡುಗಿಯನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಅಜ್ಜಿಯ ಹಟ. "ಗಂಡುಡುಗ್ರು ಓದಿ ಕಡಿದು ಕಟ್ಟೆ ಹಾಕಿದ್ದು ನೋಡಿದೀನಿ. ಇವಳು ಓದ್ಲಿ ಬಿಡು" ಎಂದು ದೊಡ್ಡಪ್ಪನ ಬಾಯಿ ಮುಚ್ಚಿಸಿದ್ದಳಂತೆ. ಅಂತೆ ಯಾಕೆ, ಕಂಬದ ಹಿಂದೆ ನಿಂತು ನಾನೇ ಕೇಳಿಸಿಕೊಂಡಿದ್ದೆ.

ಹಿಂದಿನ ದಿನದಿಂದ ಅಜ್ಜಿಗೆ ವಾಂತಿ. ನೀರು ಕುಡಿದರೂ ನಿಲ್ಲದು, ಹೊಟ್ಟೆ ಉಬ್ಬಿ ತಮಟೆಯಂತಾಗಿತ್ತು. ಬೆಳಿಗ್ಗೆ ಸೀರೆ ಬದಲಾಯಿಸುವಾಗ ಅವಳ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಂಡೆ. ಮುಟ್ಟಲು ಹೋದರೆ ಕೈಮೇಲೆ ಒಂದು ಬಾರಿಸಿದಳು.

"ಅದು ಹತ್ತು ವರ್ಷದ್ದು ಕಣೇ. ನಿಮ್ ದೊಡ್ಡಪ್ಪನಿಗಿಂತ ಹೇಳಿದ ಮಾತು ಕೇಳ್ತದೆ. ಒತ್ತಿದ್ರೆ ಒಳಕ್ಕೆ ಹೋಗ್ತದೆ."

"ಈಗ ಒತ್ತು ನೋಡೋಣ."

ಒತ್ತಿದಳು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು. ಅಜ್ಜಿಯ ಕಣ್ಣಿನಲ್ಲಿ ಭಯ ಕಂಡದ್ದು ಅದೇ ಮೊದಲು.

ದೊಡ್ಡಪ್ಪ ಗಾಡಿಗೆ ಹುಲ್ಲು ಹಾಸಿದರು. ಅಜ್ಜಿಯ ತಂಗಿ, ನಾವೆಲ್ಲ ಚಿಕ್ಕಜ್ಜಿ ಎನ್ನುತ್ತಿದ್ದವಳು, ಗಾಡಿಗೆ ಅಡ್ಡ ನಿಂತಳು. ನಮ್ಮ ಕಡೆ ಸಾಯುವವರನ್ನು ಮಂಚದಿಂದ ನೆಲಕ್ಕೆ ಇಳಿಸುತ್ತಾರೆ. ಬಂಧುಗಳೆಲ್ಲ ಬಾಯಿಗೆ ನೀರು ಬಿಡುತ್ತಾರೆ. ನೀರಿಲ್ಲದೆ ಹೋದ ಜೀವ ದಾಹ ತೀರದೆ ಅಲೆಯುತ್ತದೆ ಎಂಬ ನಂಬಿಕೆ. "ಆ ಆಸ್ಪತ್ರೆ ಮಂಚದ ಮೇಲೆ ನಮ್ಮಕ್ಕನ ಪ್ರಾಣ ಹೋದ್ರೆ ಯಾರ್ಲಾ ಜವಾಬ್ದಾರಿ?" ಎಂದು ಅತ್ತಳು. ದೊಡ್ಡಪ್ಪ ಎತ್ತುಗಳನ್ನು ಹೊಡೆದರು. ಚಿಕ್ಕಜ್ಜಿ ಹಿಂದಿನಿಂದ ಬೇರೆ ಗಾಡಿ ಕಟ್ಟಿಸಿದಳು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಮದರಾಸಿನ ಕಡೆಯವರು. ಅಜ್ಜಿಯನ್ನು ಪರೀಕ್ಷೆ ಮಾಡಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ದೊಡ್ಡಪ್ಪನಿಗೆ ಏನೇನೋ ಹೇಳಿದರು. ಪೇಟ ಕೈಯಲ್ಲಿ ಹಿಡಿದು ದೊಡ್ಡಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಒಂದಕ್ಷರವೂ ತಿಳಿದಿಲ್ಲವೆಂದು ಆ ತಲೆಯಾಟದಲ್ಲೇ ನನಗೆ ಗೊತ್ತಾಯಿತು. ಧೈರ್ಯ ಮಾಡಿ, "ಎಕ್ಸ್‌ಕ್ಯೂಸ್ ಮಿ ಡಾಕ್ಟರ್, ಯು ಮೇ ಟೆಲ್ ಮಿ" ಎಂದೆ.

ಅವರು ನನ್ನ ಎರಡು ಜಡೆ ನೋಡಿದರು, ಬರಿಗಾಲು ನೋಡಿದರು. ಆಮೇಲೆ ದೊಡ್ಡವಳೊಬ್ಬಳಿಗೆ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಆ ಗಂಟು ಹರ್ನಿಯ, ಅದರೊಳಗೆ ಕರುಳು ಸಿಕ್ಕಿಕೊಂಡಿದೆ. ಸಂಜೆಯೊಳಗೆ ಆಪರೇಷನ್ ಮಾಡಿ ಬಿಡಿಸದಿದ್ದರೆ ಕೊಳೆತುಹೋಗುತ್ತದೆ. ಕ್ಲೋರೋಫಾರ್ಮ್ ಕೊಡಬೇಕಾದ ಇನ್ನೊಬ್ಬ ಡಾಕ್ಟರ್ ಪ್ಲೇಗಿನ ಚುಚ್ಚುಮದ್ದು ಹಾಕಲು ಹಳ್ಳಿಗೆ ಹೋಗಿದ್ದಾರೆ, ಪ್ಯೂನ್ ಸೈಕಲ್ಲಿನಲ್ಲಿ ಕರೆತರಲು ಹೊರಟಿದ್ದಾನೆ. ಅಷ್ಟರಲ್ಲಿ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡುತ್ತೇವೆ. ಆಮೇಲೆ ಹೊಟ್ಟೆಗೆ ಏನಾದರೂ ಹೋದರೆ, ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದು ಟೇಬಲ್ ಮೇಲೆಯೇ ಪ್ರಾಣ ಹೋಗುತ್ತದೆ.

"ನಥಿಂಗ್ ಬೈ ಮೌತ್. ನಾಟ್ ಎ ಡ್ರಾಪ್. ಯು ಆರ್ ಇನ್‌ಚಾರ್ಜ್."

ಕಾನ್ವೆಂಟಿನಲ್ಲಿ ನನ್ನನ್ನು ಯಾರೂ ಕ್ಲಾಸ್ ಮಾನಿಟರ್ ಕೂಡ ಮಾಡಿರಲಿಲ್ಲ.

ಅಜ್ಜಿಯ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ನಮ್ಮ ಜನ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಬರುವವರಲ್ಲ. ಒಬ್ಬರು ಎಳನೀರು ತಂದರು, ಒಬ್ಬರು ಮಜ್ಜಿಗೆ, ಇನ್ನೊಬ್ಬರು ಕಂಚಿನ ಚೊಂಬಿನಲ್ಲಿ ರಾಗಿ ಅಂಬಲಿ. ಎಲ್ಲವನ್ನೂ ಇಸಿದುಕೊಂಡು, ಥ್ಯಾಂಕ್ಸ್ ಹೇಳಿ, ವರಾಂಡದಲ್ಲಿ ಸಾಲಾಗಿ ಇಟ್ಟೆ.

"ಏನಮ್ಮಾ ದೊರೆಸಾನಿ, ಹೆತ್ತ ಮಗ ನಾನು. ನಾನೂ ಒಂದು ತೊಟ್ಟು ಬಿಡಂಗಿಲ್ವಾ?" ಎಂದರು ದೊಡ್ಡಪ್ಪ.

"ಇಲ್ಲ ದೊಡ್ಡಪ್ಪ."

ಇವರನ್ನೆಲ್ಲ ತಡೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಜ್ಜಿಯನ್ನು. "ಕೂಸೇ, ನಾಲಿಗೆ ಅಂಗುಳಕ್ಕೆ ಅಂಟ್ಕೊಂಡೈತೆ. ಒಂದೇ ಒಂದು ತೊಟ್ಟು."

"ಬೇಡ ಅಜ್ಜಿ."

"ನಿನ್ ಇಸ್ಕೂಲಿಗೆ ಬೆಂಕಿ ಹಾಕ!"

ನನಗೆ ಅಳು ಬಂತು. ಆದರೂ ಡಾಕ್ಟರ್ ಹೇಳಿದ್ದನ್ನು ಒಂದೂ ಬಿಡದೆ ಅವಳಿಗೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು.

"ಕುಡಿದ್ರೆ ಹೋಗ್ತೀನಿ. ಕುಡೀದಿದ್ರೆ?"

"ಉಳೀಬಹುದು."

"ಬಹುದು. ಅಷ್ಟೇಯಾ?"

"ಅಷ್ಟೇ."

"ದಿಟ ಹೇಳ್ದೆ, ಬಿಡು" ಎಂದಳು. ಸೆರಗಿನ ತುದಿಯನ್ನು ಉಂಡೆ ಮಾಡಿ ಹಲ್ಲಿನ ನಡುವೆ ಕಚ್ಚಿಕೊಂಡಳು. ಆಮೇಲೆ ನೀರು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

ಚಿಕ್ಕಜ್ಜಿ ತಂದಿದ್ದು ಕಾಶಿಯ ಗಂಗೆ. ಅವಳ ಗಂಡ ಹೊತ್ತು ತಂದಿದ್ದ ತಾಮ್ರದ ಪುಟ್ಟ ಗಿಂಡಿ, ಬಾಯಿಗೆ ಬೆಸುಗೆ. ತನ್ನ ಕೊನೆಗಾಲಕ್ಕೆಂದು ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ಅಕ್ಕನಿಗೆಂದು ತಂದಿದ್ದಳು. ಜೊತೆಗೆ ಕೂಸುಗಳಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ. ನಾನು ಬೇಡವೆಂದೆ. "ನೀನು ಹುಟ್ಟಿದಾಗ ನಿಂಗೆ ಹಾಲು ಕುಡಿಸಿದ ಒಳಲೆ ಇದು. ಇವತ್ತು ನಮ್ಮಕ್ಕನ್ನ ಒಣಗಂಟಲಲ್ಲಿ ಕಳಿಸ್ತೀಯಲ್ಲೇ, ಕಲ್ಲುಮನಸಿನೋಳೇ!" ಎಂದು ಗೋಡೆಗೆ ಒರಗಿ ಕೂತಳು. ನಾನು ತಪ್ಪು ಮಾಡುತ್ತಿದ್ದರೆ ಆ ಮಾತು ಸಾಯುವ ತನಕ ನನ್ನ ಬೆನ್ನು ಬಿಡುವುದಿಲ್ಲವೆಂದು ಅನ್ನಿಸಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಇನ್ನೊಬ್ಬ ಡಾಕ್ಟರ್ ಬಂದರು. ಒಪ್ಪಿಗೆಯ ಕಾಗದದಲ್ಲಿ ಏನಿದೆಯೆಂದು ದೊಡ್ಡಪ್ಪನಿಗೆ ಓದಿ ಹೇಳಲು ನರ್ಸ್ ನನ್ನನ್ನು ವರಾಂಡಕ್ಕೆ ಕರೆದಳು. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು. ಐದು ನಿಮಿಷ ಆಗಿರಬಹುದು. ಒಳಗೆ ಬಂದರೆ ಗಿಂಡಿಯ ಬೆಸುಗೆ ಒಡೆದಿತ್ತು. ಒಳಲೆ ಚಿಕ್ಕಜ್ಜಿಯ ಕೈಯಲ್ಲಿತ್ತು. ನನ್ನ ಹಿಂದೆಯೇ ಮದರಾಸಿನ ಡಾಕ್ಟರ್ ಬಂದರು.

"ಎನಿಥಿಂಗ್ ಬೈ ಮೌತ್?"

ಹೌದೆಂದರೆ ಆಪರೇಷನ್ ತಡವಾಗುತ್ತದೆ, ಕರುಳು ಕಾಯುವುದಿಲ್ಲ. ಇಲ್ಲವೆಂದರೆ ಸುಳ್ಳು, ಆ ಸುಳ್ಳೇ ಅಜ್ಜಿಯನ್ನು ಕೊಲ್ಲಬಹುದು.

"ಕೊಟ್ಬಿಟ್ಯಾ ಚಿಕ್ಕಜ್ಜಿ?"

"ಒಂದೊಳಲೆ ಕಣೇ, ಅಷ್ಟೇ. ಗಂಗೆ ಅದು, ನೀರಲ್ಲ."

ಬಾಯಿ ತೆರೆದು ಡಾಕ್ಟರಿಗೆ ಹೇಳಬೇಕು, ಅಷ್ಟರಲ್ಲಿ ಅಜ್ಜಿಯ ಕೈ ನನ್ನ ಲಂಗ ಹಿಡಿದು ಜಗ್ಗಿತು. ಬಾಯಿಂದ ಸೆರಗಿನ ಉಂಡೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು.

"ಹಿಂಡು."

ಹಿಂಡಿದೆ. ಬೆರಳ ಸಂದಿಯಿಂದ ನೀರು ಇಳಿಯಿತು.

"ನುಂಗ್ಲಿಲ್ಲ" ಎಂದಳು, ಒಣಗಿದ ತುಟಿಯಲ್ಲೇ. "ಗಂಗೆ ಉಗುಳೋಕಾಗ್ತದಾ? ಸೆರಗಿಗೆ ಕುಡಿಸ್ದೆ. ಇವಳ ಮನಸೂ ನೋಯಿಸ್ಬಾರ್ದು, ನಿನ್ನ ಮಾತೂ ಮೀರ್ಬಾರ್ದು. ಏನ್ ಮಾಡ್ಲಿ?"

ಪ್ರಾಣ ಹೋಗುವ ದಾಹದಲ್ಲಿ, ನಾಲಿಗೆಯ ಮೇಲೆ ಬಂದ ನೀರನ್ನು ನುಂಗದೆ ಬಟ್ಟೆಗೆ ಬಿಟ್ಟವಳು! ಅದನ್ನು ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳುವಾಗ ನನ್ನ ಗ್ರಾಮರ್ ಎಲ್ಲ ದಿಕ್ಕಾಪಾಲಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅನುಮಾನ ಉಳಿಯಬಾರದೆಂದು ಮತ್ತೆ ಟ್ಯೂಬ್ ಹಾಕಿದರು. ಏನೂ ಬರಲಿಲ್ಲ. ಸ್ಟ್ರೆಚರ್ ಒಳಗೆ ಹೋಯಿತು.

ಆಪರೇಷನ್ ಕೋಣೆಯ ಬಾಗಿಲು ತೆರೆಯುವ ತನಕ, ನರ್ಸ್ ಬಿಚ್ಚಿ ಕೊಟ್ಟ ಅವಳ ಸೀರೆ ನನ್ನ ಮಡಿಲಲ್ಲಿತ್ತು. ಒದ್ದೆ ಸೆರಗು ಅಲ್ಲೇ ಒಣಗಿತು. ಚಿಕ್ಕಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದಳು, ನನ್ನ ಜಡೆ ಹಿಡಿದುಕೊಂಡು. ಕೊನೆಗೆ ಡಾಕ್ಟರ್ ಹೊರಗೆ ಬಂದು, ಕರುಳು ಇನ್ನೂ ಜೀವಂತ ಇತ್ತು ಎಂದರು. ಆ ಮಾತನ್ನು ಕನ್ನಡಕ್ಕೆ ತಿರುಗಿಸಿ ಎಲ್ಲರಿಗೂ ಕೂಗಿ ಹೇಳಿದವಳು ನಾನು. ಬದುಕಿನಲ್ಲಿ ಆಮೇಲೆ ಏನೇನೋ ಟ್ರಾನ್ಸ್‌ಲೇಷನ್ ಮಾಡಿದ್ದೇನೆ. ಅದರಷ್ಟು ಚೆನ್ನಾಗಿ ಯಾವುದೂ ಬರಲಿಲ್ಲ.

ಅಜ್ಜಿ ಮತ್ತೆ ಐದು ವರ್ಷ ಗಟ್ಟಿಯಾಗಿದ್ದಳು, ಬೈದಳು, ಆಳಿದಳು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಮನೆಯಲ್ಲೇ, ವಯಸ್ಸಾಗಿ, ಕೊನೆಗಾಲ ಬಂತು. ನೆಲಕ್ಕೆ ಇಳಿಸಿದರು. ಚಿಕ್ಕಜ್ಜಿ ಅದೇ ಗಿಂಡಿಯಲ್ಲಿ ಉಳಿದಿದ್ದ ಗಂಗೆಯನ್ನು ಒಳಲೆಗೆ ಬಗ್ಗಿಸಿದಳು. ಮೊದಲು ಬಿಡುವ ಹಕ್ಕು ಹಿರಿಯ ಮಗನದು. ದೊಡ್ಡಪ್ಪ ಒಳಲೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು.

"ಅವತ್ತು ಬ್ಯಾಡ ಅಂದೋಳು ನೀನು. ಇವತ್ತು ನೀನೇ ಮೊದ್ಲು ಬಿಡವ್ವಾ."

ಅಜ್ಜಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕುಡಿಯಲೇ ಎಂದು ಕೇಳುವ ನೋಟ. ನಾನು ತಲೆಯಾಡಿಸಿದೆ. ನುಂಗಿದಳು.