ನೀರು ಬೇಡದ ಹುಲ್ಲಿನ ಮಾಲಿ

ನಮ್ಮ ದೊಡ್ಡಪ್ಪ ನೀರು ಸರಬರಾಜು ಕಚೇರಿಯ ಮಾಲಿ. ಊರಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಆ ಕಚೇರಿ ತನ್ನ ಅಂಗಳದ ಲಾನಿಗೆ ಮಾತ್ರ ದಿನಕ್ಕೆರಡು ಸಲ ತಪ್ಪದೆ ಬಿಡುತ್ತಿತ್ತು. ಕೊಡ ಹಿಡಿದು ಬಂದ ಹೆಂಗಸರು ಆ ಹಸಿರಿನ ಮೇಲೆ ಕೂತು ಕಾಯುತ್ತಿದ್ದರು. ಅವರ ಮುಖ ನೋಡಲು ದೊಡ್ಡಪ್ಪನಿಗೆ ನಾಚಿಕೆ.

ಅದಕ್ಕೇ ಸಾಹೇಬರನ್ನು ಕಾಡಿ ಬೇಡಿ ಒಪ್ಪಿಸಿ, ಊರಾಚೆಯ ಬೋಳು ಗುಡ್ಡದಿಂದ ಹುಲ್ಲಿನ ಬುಡಗಳನ್ನು ಅಗೆದು ತಂದರು. ಒಂದೊಂದನ್ನೂ ನಾಲ್ಕಾಗಿ ಬಿಡಿಸಿ, ಮೊಳಕ್ಕೊಂದರಂತೆ ಅಂಗಳದ ತುಂಬ ನೆಟ್ಟರು. ಬೇರೂರುವ ತನಕ ಒಂದಿಷ್ಟು ನೀರು, ಆಮೇಲೆ ವರ್ಷಕ್ಕೊಮ್ಮೆ ಕುಡುಗೋಲು, ಅಷ್ಟೇ. ಹೆಚ್ಚು ನೀರು ಕುಡಿದರೆ ಅದರ ಬುಡ ಕೊಳೆಯುತ್ತದೆ. ಎರಡನೇ ವರ್ಷ ಹುಲ್ಲು ಸೊಂಟದೆತ್ತರ ಬೆಳೆದು ತೆನೆ ಬಿಟ್ಟಿತು. ಗುಬ್ಬಿಗಿಂತ ಚಿಕ್ಕ ಹಕ್ಕಿಗಳು ಕಾಳಿಗೆಂದು ಬಂದು, ಗೂಡು ಕಟ್ಟಿ ಸಂಸಾರ ಹೂಡಿದವು. ಆ ಕಚೇರಿಗೆ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದುದು ಅವಷ್ಟೇ.

ಸಾಹೇಬರು ಹುಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮರುವಾರ ದೊಡ್ಡಪ್ಪನನ್ನು ಕರೆಸಿದರು.

"ಇದಕ್ಕೆ ನೀರೇ ಬೇಡ ಅಂತೀರಿ. ಹಾಗಿದ್ಮೇಲೆ ಮಾಲಿ ಯಾಕ್ರೀ? ಹುದ್ದೆ ತೆಗೀಬೇಕು ಅಂತ ಮೇಲಕ್ಕೆ ಬರೀತೀನಿ."

ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಮನೆಗೆ ಬಂದ ದೊಡ್ಡಪ್ಪ ಗೋಡೆಗೊರಗಿ ಕೂತುಬಿಟ್ಟರು. ಅವರು ಹಾಗೆ ಹೆದರಿದ್ದನ್ನು ನಾನು ಕಂಡಿರಲಿಲ್ಲ.

"ಮತ್ತೆ ಲಾನೇ ಹಾಕ್ಬಿಡಿ," ಅಂದರು ದೊಡ್ಡಮ್ಮ.

"ಹಕ್ಕಿಗಳು ಮರಿ ಮಾಡ್ಕೊಂಡು ಕೂತಿದಾವೆ ಕಣೇ."

"ಹಾಗಾದ್ರೆ ಪೈಪ್ ಹಿಡ್ಕೊಂಡು ನಿಂತ್ಕೊಳ್ಳಿ. ನೀರು ಬಿಡಿ ಅಂತ ನಾನೆಲ್ಲಿ ಹೇಳ್ದೆ?"

ಮರುದಿನದಿಂದ ದೊಡ್ಡಪ್ಪ ಖಾಲಿ ಪೈಪು ಹಿಡಿದು ಹುಲ್ಲಿನ ನಡುವೆ ನಿಂತರು. ತೆನೆಗಳ ಮರೆಯಲ್ಲಿ ಪೈಪಿನ ಬಾಯಿ ಯಾರಿಗೂ ಕಾಣುತ್ತಿರಲಿಲ್ಲ. ಹುದ್ದೆಯ ಮಾತು ತಣ್ಣಗಾಯಿತು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಸಾಹೇಬರು ಹಿಂದಿನಿಂದ ಬಂದು, ಪೈಪಿನ ಬಾಯನ್ನೇ ನೋಡುತ್ತ ನಿಂತರು.

"ಏನ್ರೀ, ಇದ್ರಲ್ಲಿ ನೀರೇ ಬರ್ತಿಲ್ಲ?"

ದೊಡ್ಡಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಸಾರ್. ಎರಡು ವಾರದಿಂದ ಬರ್ತಿಲ್ಲ."

ನೀರು ಸರಬರಾಜಿನಲ್ಲೇ ಇಪ್ಪತ್ತು ವರ್ಷ ಸವೆಸಿದ ಸಾಹೇಬರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. "ಒಂದು ದೂರು ಬರೆದುಕೊಡಿ. ನೀರು ಬರೋವರೆಗೂ ಹೀಗೇ ಹಿಡ್ಕೊಂಡಿರಿ," ಅಂದು ಒಳಗೆ ಹೋದರು.

ದೊಡ್ಡಪ್ಪ ಅಂದೇ ದುಂಡಗಿನ ಅಕ್ಷರದಲ್ಲಿ ದೂರು ಬರೆದುಕೊಟ್ಟರು. ತಾವು ನಿವೃತ್ತರಾಗುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಅಷ್ಟು ವರ್ಷದ ಸೇವೆಯಲ್ಲಿ ಆ ಕಚೇರಿಯನ್ನು ಅವರು ಮನಸಾರೆ ನಂಬಿದ್ದು ಅದೇ ಮೊದಲು.