ಐದನೇ ಎಲೆ

ಬಾಳೂರಿನ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿ ನಾವಿದ್ದ ಆ ದಿನಗಳಲ್ಲಿ, ಯಾರ ಮನೆ ಯಾವಾಗ ಖಾಲಿಯಾಯಿತು ಎಂದು ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ಲೈನೆಂದರೆ ಕೂಲಿಯವರಿಗಾಗಿ ಒಂದೇ ಮಾಡಿನ ಕೆಳಗೆ ಕಟ್ಟಿದ ಎಂಟು ಮನೆಗಳ ಸಾಲು. ನಾನು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಮನೆಯವರು ಹೋಗಿಯಾಗಿತ್ತು. ಹಾಸನದ ಗಾರ್ಮೆಂಟ್ಸಿಗೆ ಒಬ್ಬರು, ಮೂಡಿಗೆರೆಯ ಪೆಟ್ರೋಲ್ ಬಂಕಿಗೆ ಒಬ್ಬರು, ಹೋಂಸ್ಟೇ ಅಡುಗೆಗೆ ಇನ್ನಿಬ್ಬರು. ಅವರು ಬಿಟ್ಟ ಮನೆಯ ಮಸಿ ಹಿಡಿದ ಗೋಡೆಯಲ್ಲಿ ದೇವರ ಪಟವಿದ್ದ ಚೌಕ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಆ ವರ್ಷ ಕುಯ್ಲಿಗೆ ಜನ ಸಾಲದೆ ಹಣ್ಣು ಗಿಡದಲ್ಲೇ ಒಣಗತೊಡಗಿತು. ಸಾಹುಕಾರರು ಏಜೆಂಟನೊಬ್ಬನನ್ನು ಹಿಡಿದು ಅಸ್ಸಾಮಿನಿಂದ ಆಳುಗಳನ್ನು ಕರೆಸಿದರು. ಜೀಪಿನಿಂದ ಇಳಿದವರಲ್ಲಿ ಹೆಚ್ಚಿನವರು ಮದುವೆಯಾಗದ ಹುಡುಗರು. ಸಂಸಾರವೆಂದರೆ ಒಂದೇ: ಬಿಮಲ, ಅವನ ಹೆಂಡತಿ ರೂಪಾಲಿ, ನನ್ನದೇ ವಯಸ್ಸಿನ ಮಗಳು ಮಾಮೊನಿ. ಅವರಿಗೆ ನಮ್ಮ ಪಕ್ಕದ ಮನೆ ಸಿಕ್ಕಿತು. ಗೋಡೆಯಾಚೆಯಿಂದ ಸಾಸಿವೆ ಎಣ್ಣೆಯ ಖಾರ ವಾಸನೆ ಬಂದ ಮೊದಲ ದಿನ ಅಮ್ಮ ಮೂಗಿಗೆ ಸೆರಗು ಹಿಡಿದಳು. ಅಜ್ಜಿ ನಕ್ಕಳು. "ನಾನು ಘಟ್ಟ ಹತ್ತಿ ಬಂದಾಗ ನನ್ನ ಒಣಮೀನಿಗೂ ಇಲ್ಲಿಯವ್ರು ಹೀಗೇ ಮೂಗು ಮುಚ್ಕೊಂಡಿದ್ರು."

ಮಾಮೊನಿ ಎರಡೇ ದಿನದಲ್ಲಿ ಕುಂಟೆಬಿಲ್ಲೆ ಕಲಿತಳು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಾವು ಇದ್ದಲಿನಿಂದ ಮನೆ ಬರೆಯುತ್ತಿದ್ದೆವು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹುಳಿ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಅವಳ ಬಿಲ್ಲೆ ಒಮ್ಮೆಯೂ ಗೆರೆ ಮುಟ್ಟುತ್ತಿರಲಿಲ್ಲ.

"ಮೋಸ ಮಾಡ್ತೀಯಾ ನೀನು!" ಎಂದು ನಾನು ಜಗಳ ತೆಗೆಯುತ್ತಿದ್ದೆ.

"ಮೋಸ ಇಲ್ಲ. ನಿಂಗೆ ಬರಲ್ಲ," ಎನ್ನುತ್ತಿದ್ದಳು. ಅವಳಿಗೆ ಬಂದ ಮೊದಲ ಕನ್ನಡ ಅದೇ ಇರಬೇಕು.

ಕುಯ್ಲು ಮುಗಿದ ಮೇಲೆ ತೋಟದಂಚಿನ ಬನದಲ್ಲಿ, ತೋಟ ಕಾಯುವ ದೇವತೆ ಚೌಡಿಗೆ ಪೂಜೆ. ಮನೆಗೊಂದು ಕೋಳಿ ಕೊಡಬೇಕು. ಎಲ್ಲ ಕೋಳಿಗಳನ್ನೂ ಕೊಯ್ದು, ಮಾಂಸವನ್ನು ಒಟ್ಟಿಗೆ ಬೆರೆಸಿ, ಕೋಳಿ ಕೊಟ್ಟ ಮನೆಗೊಂದರಂತೆ ಬಾಳೆಲೆಯ ಮೇಲೆ ಸಮಪಾಲು ಹಾಕುತ್ತಿದ್ದರು. ಚೌಡಿಯ ಪಾಲು ತೋಟದ ಗಡಿ ದಾಟಬಾರದು, ಅಲ್ಲೇ ಬೇಯಬೇಕು, ಅಲ್ಲೇ ಮುಗಿಯಬೇಕು ಎಂಬುದು ಕಟ್ಟಳೆ. ಪಾಲು ಹಾಕುವವರು ನನ್ನ ಅಪ್ಪ, ತೋಟದ ಮೇಸ್ತ್ರಿ ಸೋಮಣ್ಣ. ಎಲೆ ಹಾಸುವುದು ನನ್ನ ಕೆಲಸ. ಮನೆಗಳ ಲೆಕ್ಕ ನನ್ನ ಬಾಯಲ್ಲೇ ಇರುತ್ತದೆಂದು ಅಪ್ಪ ಅದನ್ನು ನನಗೆ ವಹಿಸಿದ್ದರು.

ಉಳಿದ ಮೂರು ಮನೆಗಳಲ್ಲಿದ್ದ ಅಸ್ಸಾಮಿನ ಹುಡುಗರಿಂದ ಕೋಳಿ ಬರಲಿಲ್ಲ. ಬಿಮಲನ ಮನೆಯಿಂದ ಬಂತು. ಬಂದಾಗಿನಿಂದ ಸಾಕಿದ ಕೆಂಪು ಹುಂಜವನ್ನು ಮಾಮೊನಿಯೇ ಕಂಕುಳಲ್ಲಿ ಅವುಚಿಕೊಂಡು ತಂದು ಕೊಟ್ಟಳು. ಯಾರೂ ಬೇಡ ಎನ್ನಲಿಲ್ಲ. ನಮ್ಮವರ ನಾಲ್ಕು ಮನೆ, ಅವರದೊಂದು. ನಾನು ಐದು ಎಲೆ ಹಾಸಿದೆ.

"ಇದ್ಯಾರಿಗೆ ಐದನೇದು?" ಎಂದರು ಕೊನೆಯ ಮನೆಯ ಚಂದ್ರಣ್ಣ.

"ಮಾಮೊನಿ ಮನೆಗೆ."

"ಅವ್ರಿಗೆಂಥ ಪಾಲು ಮಾರಾಯ್ತಿ? ಇವತ್ತು ಇದಾರೆ, ನಾಳೆ ಗಂಟು ಕಟ್ತಾರೆ. ಲೈನ್ ಬಿಟ್ಟು ಹೋಗೋರಿಗೆ ಚೌಡಿ ಪಾಲು ಕೊಡೋದುಂಟಾ? ನೀವೇ ಹೇಳಿ ಮೇಸ್ತ್ರಿ."

ಬನದ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ, "ನಾವು ಬಂದ ವರ್ಷವೇ ನಮಗೂ ಒಂದೆಲೆ ಇಟ್ಟಿದ್ರು, ಸೋಮ," ಎಂದಳು.

"ಆ ಕಾಲ ಬೇರೆ ಅಮ್ಮ. ನೀನು ಸುಮ್ನಿರು," ಎಂದರು ಅಪ್ಪ. ಬಗ್ಗಿ ಐದನೇ ಎಲೆಯನ್ನು ಎತ್ತಿದರು. ಕೆಂಪು ಹುಂಜವೂ ಸೇರಿದ್ದ ಗುಡ್ಡೆಯನ್ನು ನಾಲ್ಕು ಪಾಲು ಮಾಡಿದರು.

ಅಷ್ಟರಲ್ಲಿ ಮಾಮೊನಿ ತೊಳೆದ ಸ್ಟೀಲ್ ತಟ್ಟೆ ಹಿಡಿದು ಬಂದಳು. ಎಲೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ನಮ್ದು?"

"ನಿಮ್ದು ಅಸ್ಸಾಮಲ್ಲಿ ಇಟ್ಟಿದಾರೆ, ಓಡು, ಆರಿ ಹೋಗತ್ತೆ!" ಎಂದರು ಚಂದ್ರಣ್ಣ. ಎಲ್ಲರೂ ನಕ್ಕರು. ಮಾತು ಪೂರ್ತಿ ತಿಳಿಯದೆ ಮಾಮೊನಿಯೂ ಸ್ವಲ್ಪ ನಕ್ಕಳು. ಲೈನಿನ ಬಾಗಿಲಿಂದ ರೂಪಾಲಿ ಒಮ್ಮೆ ಕೂಗಿದಳು. ಹುಡುಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಹೋದಳು. ಎತ್ತಿದ ಆ ಎಲೆಯನ್ನು ಅಪ್ಪ ನಮ್ಮ ಪಾಲಿನ ಮೇಲೆ ಮುಚ್ಚಿ ಮನೆಗೆ ಕಳಿಸಿದರು.

ಮಧ್ಯಾಹ್ನ ಅಮ್ಮ ಕಡುಬು, ಕೋಳಿ ಸಾರು ಮಾಡಿದಳು. ಅಜ್ಜಿ ಹಸಿವಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಸಾರಿನ ಘಮ ಗೋಡೆ ದಾಟುತ್ತದೆ ಎಂಬುದು ಬೆರಳು ನೆಕ್ಕುವಾಗ ಹೊಳೆಯಿತು. ಪಕ್ಕದ ಮನೆಯಿಂದ ಅಂದು ಒಗ್ಗರಣೆಯ ಸದ್ದು ಬರಲಿಲ್ಲ. ಮರುದಿನ ಮಾಮೊನಿ ಎಂದಿನಂತೆ ಬಿಲ್ಲೆ ತಂದಳು. ಅವಳೇ ಗೆದ್ದಳು. ನಾನು ಜಗಳ ತೆಗೆಯಲಿಲ್ಲ.

ಗಂಟು ಕಟ್ಟಿದವರು ನಾವು. ಎರಡು ವರ್ಷದೊಳಗೆ ಚಂದ್ರಣ್ಣ ಹಾಸನಕ್ಕೆ ಹೋದರು. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಮೂಡಿಗೆರೆಯ ಒಂದು ಲಾಡ್ಜಿನಲ್ಲಿ ವಾಚ್‌ಮನ್ ಆದರು. ನಮ್ಮವರ ಉಳಿದೆರಡು ಮನೆಗಳೂ ಖಾಲಿಯಾದ ಸುದ್ದಿ ಪೇಟೆಯಲ್ಲೇ ಸಿಕ್ಕಿತು. ಕ್ಯಾಲೆಂಡರಿನ ಹಿಂದೆ ಎಂಟನೇ ಮನೆಯ ಮುಂದೆಯೂ 'ಖಾಲಿ' ಎಂದು ಬರೆದೆ.

ಹಲವು ವರ್ಷಗಳ ಮೇಲೆ, ಈ ಸಲದ ಪೂಜೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ನಾವು ಕೋಳಿ ಒಯ್ದಿರಲಿಲ್ಲ. ದೂರದಲ್ಲಿ ನಿಂತು ಕೈಮುಗಿದು ಬರುವುದು ಎಂದುಕೊಂಡಿದ್ದೆವು. ಈಗ ಅಲ್ಲಿ ಬಿಮಲನೇ ಮೇಸ್ತ್ರಿ. ಮಾಮೊನಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಎಲೆ ಹಾಸುತ್ತಿದ್ದಳು. ನಮ್ಮನ್ನು ಕಂಡವಳೇ ಇನ್ನೊಂದು ಎಲೆ ತೊಳೆದು ಸಾಲಿಗೆ ಸೇರಿಸಿದಳು.

"ನಾವು ಕೋಳಿ ಕೊಟ್ಟಿಲ್ಲ ಬಿಮಲ," ಎಂದರು ಅಪ್ಪ.

"ಪೂಜೆಗೆ ಬಂದ್ರಿ ಅಲ್ವಾ, ಮೇಸ್ತ್ರಿ? ಆದ್ರೆ ಪಾಲು ಗಡಿ ದಾಟ್ಬಾರ್ದು. ಊಟ ಇಲ್ಲೇ."

ಊಟ ಹಾಕಿದ್ದು ನಮ್ಮದೇ ಹಳೆಯ ಮನೆಯಲ್ಲಿ. ಬಿಮಲನ ಸಂಸಾರ ಈಗ ಎರಡು ಮನೆಗಳನ್ನೂ ಸೇರಿಸಿಕೊಂಡಿದೆ. ಅಜ್ಜಿ ಮಲಗುತ್ತಿದ್ದ ಗೋಡೆಗೆ ಒರಗಿ ಅಪ್ಪ ಕೂತರು. ರೂಪಾಲಿ ಕಡುಬು ಬಡಿಸಿದಳು. ಸಾರಿಗೆ ಸಾಸಿವೆ ಎಣ್ಣೆಯ ವಾಸನೆ. ಅಪ್ಪ ಬಡಿಸಿದ್ದಕ್ಕೆಲ್ಲ ತಲೆಯಾಡಿಸಿ, ತಲೆ ಎತ್ತದೆ, ಕೊನೆಯ ತುತ್ತಿನವರೆಗೂ ತಿಂದರು. ಪೇಟೆಯಲ್ಲಿ ಕೂತು "ಲೈನುಗಳಲ್ಲಿ ನಮ್ಮವರೇ ಇಲ್ಲ" ಎಂದು ದಿನವೂ ಕೊರಗುವ ಮನುಷ್ಯ ಇವರೇ.

"ಬಿಡಿ ಮೇಸ್ತ್ರಿ, ಎಲೆ ನಾನು ತೆಗೀತೀನಿ," ಎಂದಳು ಮಾಮೊನಿ.

"ಬೇಡ ತಾಯಿ." ಅಪ್ಪ ಬಗ್ಗಿ ತಮ್ಮ ಎಲೆ ಎತ್ತಿದರು, ನನ್ನದನ್ನೂ ಎತ್ತಿದರು. ನನ್ನ ಎಲೆ ವಾಲಿ ಸಾರು ನೆಲಕ್ಕೆ ಚೆಲ್ಲಿತು. ಮಾಮೊನಿ ಒರೆಸಿದಳು. ಅವಳಿಗೆ ಆ ದಿನ ನೆನಪಿದೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುಸ್ಸಂಜೆ ಜೀಪು ತಿರುವು ಹತ್ತುವಾಗ ಹಿಂದಿರುಗಿ ನೋಡಿದೆ. ನಾನು ಒಂದೊಂದಾಗಿ ಖಾಲಿ ಎಂದು ಬರೆದಿಟ್ಟಿದ್ದ ಎಂಟೂ ಮನೆಗಳ ಮಾಡಿನಿಂದ ಹೊಗೆ ಏಳುತ್ತಿತ್ತು.